ಖರ್ಚಿನ ಪಟ್ಟಿಯಲ್ಲಿ ಅವನ ಮಾತ್ರೆ

"ಬಿಪಿ ಯಾರಿಗೆ... ನಿಂಗಾ?"

ಆರು ತಿಂಗಳ ನಂತರ ಕೋರ್ಟಿನ ವರಾಂಡದಲ್ಲಿ ಎದುರಾದ ಗಂಡ ಕೇಳಿದ ಮೊದಲ ಮಾತು ಇದು! ಕೈಯಲ್ಲಿ ಅವಳದೇ ಖರ್ಚಿನ ಪಟ್ಟಿ.

ಅವಳು ಪಟ್ಟಿಯತ್ತ ಬಗ್ಗಿ ನೋಡಿದಳು.

ಜೀವನಾಂಶ ಗೊತ್ತುಮಾಡಲು ತಿಂಗಳ ಖರ್ಚು ಬರೆದುಕೊಡಿ ಎಂದಿದ್ದರು ವಕೀಲರಮ್ಮ. ಹೊಲಿಗೆ ಮಷಿನ್ ಮೇಲೆ ಕಾಗದ ಇಟ್ಟುಕೊಂಡು ಬಾಡಿಗೆ, ಹಾಲು, ಕರೆಂಟು ಎನ್ನುತ್ತಾ ಅವನ ಬಿಪಿ ಮಾತ್ರೆಯನ್ನೂ ಬರೆದುಬಿಟ್ಟಿದ್ದಳು. ಹಾಳು ಅಭ್ಯಾಸ!

"ನಂಗೇನಾಗಿದೆ? ಅದು... ನಿಮ್ದು."

"ಇನ್ನೂ ತರ್ತಿದ್ದೀಯಾ?"

"ಮೆಡಿಕಲ್ ಶಾಪ್‌ನವ್ರು ಕೇಳದೇನೇ ಕಟ್ಟಿಕೊಡ್ತಾರೆ. ಬೇಡ ಅನ್ನೋಕೆ ಬಾಯೇ ಬರಲ್ಲ."

ಒಂದು ಕೋಣೆ, ಒಂದು ತಟ್ಟೆ, ದಿನವಿಡೀ ಮಷಿನ್ನಿನ ಸದ್ದು. 'ಯಜಮಾನ್ರು ಹೇಗಿದ್ದಾರೆ?' ಎಂದು ಕೇಳಲು ಅವಳಿಗೆ ಉಳಿದಿದ್ದವನು ಆ ಅಂಗಡಿಯವನೊಬ್ಬನೇ. 'ಚೆನ್ನಾಗಿದ್ದಾರೆ' ಎಂದು ಸುಳ್ಳು ಹೇಳಿ, ಮನೆಗೆ ಬಂದು ಅತ್ತದ್ದು ಅವಳಿಗಷ್ಟೇ ಗೊತ್ತು.

ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಲಿಫ್ಟ್ ರಿಪೇರಿಯ ಈ ಮಹಾಶಯ ಎರಡೆರಡು ಪಾಳಿ ದುಡಿಯುತ್ತಿದ್ದ. ಜೊತೆಗೆ ಉಂಡರೆ ತಾನೆ? ಬೇಸತ್ತು ಒಮ್ಮೆ ಅಂದಿದ್ದಳು, "ನೀವು ಇದ್ರೂ ಒಂದೇ, ಇಲ್ದಿದ್ರೂ ಒಂದೇ." ನಾನು ಬೇಡವಾದೆ ಎಂದುಕೊಂಡು ಅವನು ಮೂಗನಾದ. ಬೇರೆಯಾಗಿ ವರ್ಷವಾದ ಮೇಲೆ, ಆರು ತಿಂಗಳ ಹಿಂದೆ ಇಬ್ಬರೂ ಒಪ್ಪಿಯೇ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದರು. ಇಂದು ಕೊನೆಯ ಹೇಳಿಕೆ. 'ಹೌದು' ಎಂದರೆ ಮುಗಿಯಿತು.

"ನಾನು ಮಾತ್ರೆ ತಗೊಳ್ಳೋದೇ ಬಿಟ್ಟಿದ್ದೀನಿ," ಎಂದ ಮೆಲ್ಲಗೆ. "ಯಾರಿಗೋಸ್ಕರ ಅನ್ನಿಸ್ತು."

"ನಿಮ್ಮ ಹಟಕ್ಕಿಷ್ಟು ಬೆಂಕಿ ಬೀಳ! ಏನಾದ್ರೂ ಆಗಿದ್ರೆ ನನ್ನ ಗತಿ ಏನ್ರೀ?"

ಅಯ್ಯೋ, ಇದೇನಂದೆ! ಅವಳು ನಾಲಿಗೆ ಕಚ್ಚಿಕೊಂಡಳು.

ಪಕ್ಕದಲ್ಲೇ ನಿಂತಿದ್ದ ವಕೀಲರಮ್ಮ ಇಬ್ಬರನ್ನೂ ದಿಟ್ಟಿಸಿದರು. "ಹಿಂದೂ ವಿವಾಹ ಕಾಯ್ದೆ ಆರು ತಿಂಗಳು ಕೊಡೋದೇ ಯೋಚ್ನೆ ಮಾಡ್ಲಿ ಅಂತ. ತೀರ್ಪು ಬರೋವರೆಗೂ ಒಪ್ಪಿಗೆ ವಾಪಸ್ ತಗೋಬಹುದು. ಒಬ್ರು ಬೇಡ ಅಂದ್ರೂ ಸಾಕು."

ಒಳಗಿನಿಂದ ಕರೆ ಬಂತು.

"ಇಬ್ಬರಿಗೂ ಒಪ್ಪಿಗೆ ಇದೆಯಾ?" ನ್ಯಾಯಾಧೀಶರು ಕೇಳಿದರು.

ಅವಳು ಗಂಡನತ್ತ ತಿರುಗಿದಳು. ಅವನು ಖರ್ಚಿನ ಪಟ್ಟಿಯನ್ನು ಮಡಚುತ್ತಾ, ಬಿಡಿಸುತ್ತಾ ನಿಂತಿದ್ದ. ಈ ಮನುಷ್ಯ ಬಾಯಿ ಬಿಡಲಿ ಅಂತ ಕಾದರೆ ಜನ್ಮವೇ ಕಳೆಯುತ್ತೆ...

"ನಂಗೆ ಒಪ್ಪಿಗೆ ಇಲ್ಲ ಸಾರ್!"

"ನಂಗೂ... ಇಲ್ಲ," ಎಂದ ಅವನು. ಕಣ್ಣು ತುಂಬಿತ್ತು.

ಹೊರಗೆ ಬಂದು ಅವಳ ಕೈ ಹಿಡಿದ. "ನೀನಿಲ್ದೆ ನಂಗೆ ಆಗಲ್ಲ ಕಣೇ."

"ಇದನ್ನ ಹೇಳೋಕೆ ಆರು ತಿಂಗಳು ಬೇಕಾಯ್ತಾ?"

"ಕಾನೂನು ಕೊಟ್ಟಿದ್ದೇ ಅಷ್ಟು ಟೈಮು!"

"ನಗಿಸ್ಬೇಡಿ... ನಂಗಿನ್ನೂ ಕೋಪ ಇದೆ."

"ಇರ್ಲಿ. ಮನೇಲಿ ಕೂತು ಬೈಯಿ... ಪೂರ್ತಿ ಕೇಳ್ತೀನಿ."