ಇಲಿಗೂಡಿನ ಪಕ್ಕದ ಮೈಕು

ಪಿಯಾನೊದ ಮುಚ್ಚಳ ಎತ್ತಿದ್ದೇ ತಡ, ಒಳಗಿನಿಂದ ಬಂದ ಇಲಿಯ ಉಚ್ಚೆಯ ನಾತಕ್ಕೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ಬೂದೆಪ್ಪ ಬೆಳಿಗ್ಗೆ ತಿಂದ ಉಪ್ಪಿಟ್ಟು ಗಂಟಲಿಗೆ ಬಂತು. ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ.

"ಮೂಗು ಯಾಕ ಮುಚ್ಕೋತೀರಿ?" ಸುಗುಣ ಟೀಚರ್ ತನ್ನ ಸೆರಗಿನ ಮರೆಯಿಂದಲೇ ಕೇಳಿದಳು. "ನಿಮ್ಮ ಮೈಕಿಗಿಂತ ಇದೇ ಎಷ್ಟೋ ಚಲೋ ಅದ."

ಮಾತು ಸುಳ್ಳಲ್ಲ. ಎಂಬತ್ತರ ಚುನಾವಣೆಯಲ್ಲಿ ಮಾನ್ವಿ, ದೇವದುರ್ಗದ ಭಾಷಣಕಾರರೆಲ್ಲ ಜರ್ದಾ ಬಾಯಿಂದ ಉಗುಳು ಸಿಡಿಸಿದ ಮೈಕು ಅದು. ಅರ್ಧ ಬಾಟಲಿ ಡೆಟಾಲ್ ಸುರಿದು ತಿಕ್ಕಿದ್ದ. ಈಗ ಎರಡೂ ಕೂಡಿ ಇನ್ನಷ್ಟು ನಾರುತ್ತಿತ್ತು.

ರಾಯಚೂರಿನ ಅಕ್ಕಿ ವ್ಯಾಪಾರಿ ಮಹಾಂತಯ್ಯನವರು ಜಾಗೀರದಾರರೊಬ್ಬರ ಬಂಗಲೆ ಕೊಂಡಾಗ ಈ ದೊಡ್ಡ ಪಿಯಾನೊ ಅದರ ಜೊತೆಗೇ ಬಂದಿತ್ತು. ಈಗ ಗೋದಾಮಾದ ಆ ಬಂಗಲೆಯಲ್ಲಿ ಅದರ ಸುತ್ತ ಅಕ್ಕಿ ಚೀಲಗಳು, ಮೇಲೆ ಪಾರಿವಾಳದ ಹಿಕ್ಕೆ. ಮಿಷನ್ ಶಾಲೆಯ ಮೇಡಂ ಒಬ್ಬರಿಂದ ಚಿಕ್ಕಂದಿನಲ್ಲೇ ನುಡಿಸಲು ಕಲಿತ ಸುಗುಣ, ಮಹಾಂತಯ್ಯನವರನ್ನು ಕೇಳಿಕೊಂಡು ಭಾನುವಾರ ಬಂದು, ಒರೆಸಿ, ನುಡಿಸಿ ಹೋಗುತ್ತಿದ್ದಳು. ಈಗ ಹೈದರಾಬಾದಿನ ಸಂಗೀತ ಶಾಲೆಯೊಂದು ಅವಳು ನುಡಿಸಿದ ಕ್ಯಾಸೆಟ್ ಕಳಿಸಿ ಎಂದಿತ್ತು. ಅದನ್ನು ರೆಕಾರ್ಡ್ ಮಾಡಲು ಅವಳು ಬೂದೆಪ್ಪನನ್ನು ಕರೆಸಿದ್ದಳು. ಶಾಲೆಯವರಿಗೆ ಹಿಡಿಸಿದರೆ ನೌಕರಿ ಕೊಡುತ್ತಾರೆ, ಅವಳು ಊರು ಬಿಡುತ್ತಾಳೆ.

ಬೂದೆಪ್ಪನಿಗೆ ನುಂಗಲಾಗದ ತುತ್ತು ಅದೇ. ಅವಳ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಮೈಕ್ ಸೆಟ್ ಹಾಕಲು ಹೋದಾಗೆಲ್ಲ, ಅವಳು ಮೂಗು ಸಿಂಡರಿಸುತ್ತಲೇ ಕಣ್ಣಲ್ಲಿ ನಗುವುದನ್ನು ಕದ್ದು ನೋಡಿ ನೋಡಿ ಕೆಟ್ಟವನು ಅವನು. ಅವಳಿಗಾಗಿ ತಾನೂ ಜರ್ದಾ ಬಿಟ್ಟಿದ್ದ. ಇದನ್ನು ಪ್ರೇಮ ಅಂತ ಯಾರೆದುರಿಗಾದರೂ ಹೇಳಿದರೆ ಬಿದ್ದು ಬಿದ್ದು ನಕ್ಕಾರು.

ಮೈಕು ಎಲ್ಲಿಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮುಚ್ಚಳಕ್ಕೆ ಕೋಲು ಕೊಟ್ಟು, ಪಿಯಾನೊದ ಪಕ್ಕೆ ಒಳಕ್ಕೆ ಬಾಗಿದ ಕಡೆ ಸ್ಟ್ಯಾಂಡ್ ನಿಲ್ಲಿಸಿ, ತಂತಿಗಳತ್ತ ಓರೆಯಾಗಿ ತಿರುಗಿಸಿದರೆ ನಾದ ತುಂಬಿ ಬರುತ್ತದೆ. ಆದರೆ ಅವನು ಮಂಡಿಯೂರಿ ಪಿಯಾನೊದ ಕೆಳಗೆ ತೂರಿದ. ಹಿಂಗಾಲಿನ ಪಕ್ಕ, ಇಲಿಗೂಡಿನ ಹತ್ತಿರ, ನೆಲದ ಮೇಲೆ ಮೈಕು ಇಟ್ಟ.

"ಅಲ್ಲ್ಯಾಕ್ರಿ?"

"ಇಲ್ಲೇ ಚಲೋ ಬರ್ತದ್ರಿ ಟೀಚರ್."

ಅವಳು ನಂಬಿದಳು. ಕಣ್ಣು ಮುಚ್ಚಿ, ಇದ್ದ ಜೀವವನ್ನೆಲ್ಲ ಬೆರಳಿಗೆ ತಂದು ನುಡಿಸಿದಳು.

ಆಮೇಲೆ ಅವನು ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಪೆಡಲಿನ ದಬದಬ, ಹಲಗೆಯ ಗುಂಯ್ ಸದ್ದು, ನಡುನಡುವೆ ಇಲಿ ಕೆರೆಯುವುದು. ಅವಳು ನುಡಿಸಿದ್ದು ಎಲ್ಲೋ ಗೋಡೆಯಾಚೆಯಿಂದ ಬಂದಂತೆ ಕೇಳುತ್ತಿತ್ತು. ಬೂದೆಪ್ಪನಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಇಲಿ ಹೊಟ್ಟೆಪಾಡಿಗೆ ಕಡಿಯುತ್ತದೆ, ತಾನು ನಂಬಿದವಳ ಕುತ್ತಿಗೆ ಕೊಯ್ಯಲು ಕೂತಿದ್ದೇನೆ. ಮೈಕಿಗೆ ಉಗುಳಿದವರೇ ಮೇಲು.

"ಇನ್ನೊಮ್ಮಿ ನುಡಸ್ರಿ," ಎಂದ. ಮೈಕನ್ನು ಹೊರಗೆಳೆದು ಸ್ಟ್ಯಾಂಡಿಗೆ ಹಾಕಿ, ಇಷ್ಟಿಷ್ಟೇ ಸರಿಸಿ, ಅದು ಇರಬೇಕಾದ ಕಡೆ ನಿಲ್ಲಿಸಿದ.

ಅವಳು ಮತ್ತೆ ನುಡಿಸಿದಳು. ಈ ಎರಡನೆಯ ರೆಕಾರ್ಡನ್ನು ಅವನು ತಾನು ಕೇಳಲಿಲ್ಲ. ಹೆಡ್‌ಫೋನನ್ನು ಅವಳಿಗೇ ಕೊಟ್ಟ. ಕೇಳುತ್ತ ಕೇಳುತ್ತ ಅವಳ ಸೆರಗು ಮೂಗಿನಿಂದ ಜಾರಿತು, ಅದನ್ನು ಸರಿಪಡಿಸಿಕೊಳ್ಳಲೂ ಮರೆತಳು. ಕೊನೆಗೆ ಅವನತ್ತ ತಿರುಗಿದಳು.

"ಮೊದ್ಲಿಗೆ ಕೆಳಗ ಯಾಕ ಇಟ್ಟಿದ್ರಿ?"

"ಕೆಡಬೇಕಂತ ಇಟ್ಟಿದ್ದೆರಿ. ನೀವು ಊರು ಬಿಟ್ಟು ಹೋಗಬಾರ್ದಂತ."

ಅವಳು ಮುಖ ಸಿಂಡರಿಸಿದಳು. ಈ ಸಲ ಕಣ್ಣಲ್ಲಿ ನಗು ಇರಲಿಲ್ಲ. "ಥೂ. ಎಂಥ ಹೇಸಿ ಕೆಲಸ."

"ಹೌದ್ರಿ."

"ಮತ್ತ ಎರಡನೇ ಸಲ ಯಾಕ ಸರಿ ಇಟ್ರಿ?"

"ಮೊದಲ್ನೇದನ್ನ ಕೇಳಿ ನನಗ ನಾನೇ ಹೇಸಿದೆರಿ." ಬೂದೆಪ್ಪ ತಲೆ ಎತ್ತಲಿಲ್ಲ. "ನೀವಂದ್ರ ನನಗ ಜೀವ್ರಿ ಟೀಚರ್. ಹೇಳಾಕ ಬಾಯಿ ಬರಲಿಲ್ಲ."

ಸರಿಯಾಗಿ ತಿಕ್ಕದ ಪಾತ್ರೆಯನ್ನು ನೋಡುವ ಹಾಗೆ ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಕ್ಯಾಸೆಟ್ ತೆಗೆದು ಬ್ಯಾಗಿಗೆ ಹಾಕಿಕೊಂಡಳು.

"ನಾಳಿ ಇದನ್ನ ಪೋಸ್ಟಿಗೆ ಹಾಕ್ತೀನಿ. ಕರದ್ರ ಹೋಗ್ತೀನಿ."

"ಹೋಗ್ರಿ," ಎಂದ. ಕಣ್ಣು ತುಂಬಿ ಬಂತು. ವೈರು ಸುತ್ತುವ ನೆಪದಲ್ಲಿ ಬೆನ್ನು ತಿರುಗಿಸಿದ.

ಬಾಗಿಲವರೆಗೆ ಹೋದವಳು ನಿಂತಳು. "ಹೈದರಾಬಾದಿನ್ಯಾಗ ಮೈಕ್ ಸೆಟ್ ಯಾರೂ ಬಾಡಗಿಗೆ ತಗೊಳ್ಳಂಗಿಲ್ಲೇನ್ರಿ?"

"ತಗೋತಾರ್ರಿ."

"ಮತ್ತ ನನ್ನ ಇಲ್ಲಿ ಹಿಡಿದು ಕಟ್ಟಾಕ ಯಾಕ ನೋಡ್ತೀರಿ? ನಮ್ಮವ್ವನ್ನ ಬಂದು ಕೇಳ್ರಿ. ಇಬ್ರೂ ಹೋಗಾಣ."