ಬಾಗಿಲ ಪಕ್ಕದ ಬೇಸ್

ಆ ಪಬ್ಬಿನಲ್ಲಿ ವೇದಿಕೆ ಎಂದು ಕರೆಯುತ್ತಿದ್ದದ್ದು ಗೇಣೆತ್ತರದ ಒಂದು ಹಲಗೆ. ಅದರ ಎಡಕ್ಕೆ, ಹೊರಕ್ಕೆ ತೆರೆಯುವ ಟಾಯ್ಲೆಟ್ಟಿನ ಬಾಗಿಲು. ಡ್ರಮ್ಮು, ಗಿಟಾರು, ಹಾಡುಗಾರ ಎಲ್ಲರೂ ಕಾಲು ಚಾಚಿಕೊಂಡ ಮೇಲೆ ಉಳಿದ ಮೂಲೆಯಲ್ಲಿ, ಆ ಬಾಗಿಲಿಗೆ ಅಂಟಿಕೊಂಡು, ಬೇಸ್ ಗಿಟಾರ್ ನುಡಿಸುವವಳು ನಿಲ್ಲುತ್ತಿದ್ದಳು.

ಬೇಸಿನ ಕತ್ತು ಉದ್ದ. ಯಾರಾದರೂ ಒಳಗೆ ಹೋಗಬೇಕೆಂದಾಗಲೆಲ್ಲ ಅವಳು ಅದನ್ನು ರೈಲ್ವೆ ಗೇಟಿನಂತೆ ಮೇಲೆತ್ತಬೇಕು. ತಾಳ ಮಾತ್ರ ತಪ್ಪಬಾರದು. ಬಿಯರ್ ಕುಡಿದವರೆಲ್ಲ ಅವಳ ಗೇಟು ದಾಟಿಯೇ ಹಗುರಾಗಬೇಕು.

ಗೇಟು ಎದ್ದಾಗಲೆಲ್ಲ ಹಾಲಿನ ಆ ತುದಿಯಲ್ಲಿ, ಕಂಬದ ಪಕ್ಕ, ಮಿಕ್ಸರಿನ ಹಿಂದೆ ನಿಂತ ಸೌಂಡಿನವನು ಒಂದು ಹಸಿರು ಪೇಪರ್ ನ್ಯಾಪ್‌ಕಿನ್ ಎತ್ತಿ ಗಾರ್ಡ್ ಬಾವುಟ ಬೀಸುವಂತೆ ಬೀಸುತ್ತಿದ್ದ. ಮುಖದಲ್ಲಿ ನಗುವಿಲ್ಲ. ನಗುವೆಲ್ಲ ಹುಬ್ಬಿನಲ್ಲಿ. ಅವಳು ನೋಡದವಳಂತೆ ಡ್ರಮ್ಮಿನ ಕಡೆ ತಿರುಗುತ್ತಿದ್ದಳು. ಆದರೆ ಮುಂದಿನ ಸಲ ಗೇಟು ಎತ್ತುವಾಗ ಅವಳ ಕಣ್ಣು ಮೊದಲು ಕಂಬದ ಕಡೆಗೇ ಹೋಗುತ್ತಿತ್ತು.

ಅವರಿಬ್ಬರ ನಡುವೆ ಒಂದು ವರ್ಷದಿಂದ ಒಂದೇ ಜಗಳ.

"ಮೇಡಂ, ನಿಮ್ಮ ಆಂಪ್ ಸ್ವಲ್ಪ ಕಡಿಮೆ ಮಾಡಿ."

"ಕಡಿಮೆ ಮಾಡಿದ್ರೆ ನಂಗೇ ಕೇಳಲ್ಲ."

"ನಂಗೆ ಕೇಳುತ್ತೆ."

"ನಿಮಗೆ ಕೇಳಿದ್ರೆ ಸಾಕಾ?"

"ಸದ್ಯಕ್ಕೆ ಸಾಕು."

ಅವಳ ಬೇಸಿನ ದನಿ ಎರಡು ದಾರಿ ಹಿಡಿಯುತ್ತಿತ್ತು. ಒಂದು, ಅವಳ ಕಾಲ ಬಳಿಯ ಆಂಪಿಗೆ, ಎಂದರೆ ಅವಳದೇ ಸ್ಪೀಕರ್ ಪೆಟ್ಟಿಗೆಗೆ. ಅದು ಅವಳ ಮೊಣಕಾಲಿಗಷ್ಟೇ ಕೇಳುವ ದನಿ. ಇನ್ನೊಂದು, ತಂತಿಯಲ್ಲಿ ಹರಿದು ಅವನ ಮಿಕ್ಸರಿಗೆ ಹೋಗಿ, ಅಲ್ಲಿಂದ ಗೋಡೆಯ ದೊಡ್ಡ ಸ್ಪೀಕರಿಗೆ. ಹಾಲಿನಲ್ಲಿ ಕೂತವರು ಕೇಳುತ್ತಿದ್ದದ್ದು ಅದನ್ನೇ. ಎಂದರೆ ಜನಕ್ಕೆ ತಲುಪುವ ಅವಳ ದನಿ ಅವನ ಬೆರಳ ತುದಿಯಲ್ಲಿ, ಫೇಡರ್ ಎಂಬ ಏರಿಸಿ ಇಳಿಸುವ ಗುಂಡಿಯಲ್ಲಿತ್ತು. ಅವಳಿಗೆ ಅದು ಒಂದು ದಿನವೂ ಕೇಳಿರಲಿಲ್ಲ. ಕೊನೆಗೆ ಅವನ ಮಾತು ನಂಬಿ ಆಂಪನ್ನು ತಗ್ಗಿಸಿದ್ದಳು.

ಬ್ಯಾಂಡಿನವರು ಅವಳನ್ನು ಕರೆಯುತ್ತಿದ್ದದ್ದು 'ದಪ್ಪತಂತಿ' ಎಂದು. ಭಾನುವಾರ ಮಧ್ಯಾಹ್ನ ಅಡುಗೆಮನೆ ಹಿಂದಿನ ಕಬ್ಬಿಣದ ಮೆಟ್ಟಿಲಲ್ಲಿ ಹಾಡುಗಾರ ಮೈಕನ್ನು ಜೇಬಿನಲ್ಲಿಟ್ಟುಕೊಂಡು ಹತ್ತುತ್ತಿದ್ದ, ಗಿಟಾರಿನವನು ಗಿಟಾರನ್ನು ಕೂಸಿನಂತೆ ಬೆನ್ನಿಗೆ ಹಾಕಿಕೊಂಡು ಹತ್ತುತ್ತಿದ್ದ. ಇವಳು ಫ್ರಿಜ್ಜಿನ ತಮ್ಮನಂತಿದ್ದ ಸ್ಪೀಕರ್ ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು, ಮೆಟ್ಟಿಲಿಗೊಮ್ಮೆ ಇಳಿಸಿ, ಉಸಿರು ಬಿಟ್ಟು, ಮತ್ತೆ ಎತ್ತುತ್ತಿದ್ದಳು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುತ್ತಾರೆ. ನಾರಿಲ್ಲದೆ ಹೂವು ಹೊಸ್ತಿಲಾದರೂ ದಾಟೀತೇ ಎಂದು ಯಾರೂ ಕೇಳುವುದಿಲ್ಲ.

ಕೇಳದಿದ್ದದ್ದಷ್ಟೇ ಅಲ್ಲ, ಒಂದು ಭಾನುವಾರ ನಾರನ್ನೇ ಕಿತ್ತೆಸೆಯುವ ಮಾತು ಬಂತು.

ಓನರ್ ಟೇಪು ಹಿಡಿದು ಅವಳು ನಿಲ್ಲುವ ಮೂಲೆಯನ್ನು ಅಳೆಯುತ್ತಿದ್ದ. "ಇಲ್ಲಿ ಒಂದು ಟೇಬಲ್, ನಾಲ್ಕು ಕುರ್ಚಿ ಹಿಡಿಯುತ್ತಮ್ಮ. ನಿನ್ನ ಪಾರ್ಟು ಲ್ಯಾಪ್‌ಟಾಪಲ್ಲಿ ಬರುತ್ತಂತಲ್ಲ? ನಿಮ್ಮ ಹಾಡುಗಾರನೇ ಹೇಳ್ದ. ಮುಂದಿನ ತಿಂಗಳಿಂದ ಹಾಗೇ ಮಾಡೋಣ. ನಿಜ ಹೇಳು, ಬೇಸು ಯಾರಿಗೆ ಕೇಳುತ್ತೆ?"

ಹಾಡುಗಾರ ತನ್ನ ಶೂ ಲೇಸಿನಲ್ಲಿ ಏನೋ ಅದ್ಭುತವನ್ನು ಕಂಡವನಂತೆ ಬಗ್ಗಿ ಕೂತ.

ಅವಳು ಟೇಪು ದಾಟಿ ತನ್ನ ಮೂಲೆಗೆ ಹೋದಳು. ಬೇಸನ್ನು ಹೆಗಲಿಗೆ ಹಾಕಿಕೊಂಡಳು. ವಾರಕ್ಕೆ ಆರು ದಿನ ಡ್ರೈವಿಂಗ್ ಸ್ಕೂಲಿನಲ್ಲಿ ಬೇರೆಯವರಿಗೆ ಸ್ಟಿಯರಿಂಗ್ ಬಿಟ್ಟುಕೊಟ್ಟು ಪಕ್ಕದ ಸೀಟಿನಲ್ಲಿ ಕೂರುವವಳಿಗೆ ತನ್ನದು ಅಂತ ಇದ್ದದ್ದು ಈ ಟಾಯ್ಲೆಟ್ ಬಾಗಿಲ ಪಕ್ಕದ ಜಾಗ ಒಂದೇ. ಅದಕ್ಕೂ ಕುರ್ಚಿ ಬಂತು. ಕಂಬದ ಕಡೆ ನೋಡಿದಳು. ಸೌಂಡಿನವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅಂದು ಗೇಟು ಎಷ್ಟು ಸಲ ಎದ್ದರೂ ಹಸಿರು ಬಾವುಟ ಮೇಲೇಳಲಿಲ್ಲ.

ಅವಳು ಅಂದು ಬೆರಳ ಚರ್ಮ ಸುಲಿಯುವಂತೆ ನುಡಿಸಿದಳು. ಕಾರ್ಯಕ್ರಮ ಮುಗಿದ ಮೇಲೆ ಅಕ್ಕ ಬಂದಳು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ರಜೆ ಸಿಕ್ಕ ಭಾನುವಾರ ಒಂದು ಸೋಡಾ ಹಿಡಿದು ಮುಂದಿನ ಟೇಬಲಿನಲ್ಲಿ ಕೂರುವವಳು.

"ಚೆನ್ನಾಗಿತ್ತು ಕಣೇ. ಆದ್ರೆ ಆ ನಿಧಾನದ ಹಾಡಲ್ಲಿ ಯಾಕೆ ಸುಮ್ನೆ ನಿಂತಿದ್ದೆ?"

"ಸುಮ್ನೆ ಎಲ್ಲಿ ನಿಂತಿದ್ದೆ? ನುಡಿಸ್ತಿದ್ದೆ."

"ಕೈ ಆಡ್ತಿತ್ತು. ಸದ್ದು ಬರ್ಲಿಲ್ಲ. ನಾಡಿ ಸಿಗದ ಪೇಶಂಟ್ ಥರ ಆಗೋಯ್ತು ಹಾಡು. ನಾನೇನೋ ನೀನು ಬೇಕಂತ ಮಾಡ್ತಿದ್ದೀಯ ಅನ್ಕೊಂಡೆ."

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಆಂಪು ಮೊಣಕಾಲಿಗೆ ಕೇಳುತ್ತಿತ್ತು. ಅವಳು ನುಡಿಸುತ್ತಲೇ ಇದ್ದಳು. ಹಾಲಿಗೆ ಮಾತ್ರ ಅವಳು ಸತ್ತಿದ್ದಳು.

ಅವನು ಕೇಬಲ್ ಸುತ್ತುತ್ತಿದ್ದ.

"ನಿಧಾನದ ಹಾಡಲ್ಲಿ ನನ್ನ ಫೇಡರ್ ಇಳಿಸಿದ್ರಾ?"

ಕೇಬಲ್ ಅವನ ಕೈಯಲ್ಲೇ ನಿಂತಿತು. "ಇಳಿಸ್ದೆ."

"ಯಾಕೆ?"

"ಓನರಿಗೆ ಗೊತ್ತಾಗಲಿ ಅಂತ. ಬೇಸ್ ಇಲ್ದಿದ್ರೆ ಹಾಡು ಏನಾಗುತ್ತೆ ಅಂತ ಅವನ ಕಿವಿಗೇ ತೋರಿಸೋಣ ಅಂತ."

"ಗೊತ್ತಾಯ್ತಾ ಅವನಿಗೆ?"

ಅವನು ನೆಲ ನೋಡಿದ. "ಎಸಿ ಕೆಲಸ ಮಾಡ್ತಿಲ್ಲ ಅಂತ ರಿಮೋಟ್ ಒತ್ತಿದ."

ಬೇರೆ ದಿನವಾಗಿದ್ದರೆ ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಅಂದು ಕಿವಿಯಿಂದ ಕತ್ತಿನವರೆಗೆ ಬೆಂಕಿ.

"ನನ್ನ ಪರವಾಗಿ ವಾದ ಮಾಡೋಕೆ ನನ್ನ ಬಾಯೇ ಮುಚ್ಚಿಸಿದ್ಯಾ? ಆಂಪ್ ಕಡಿಮೆ ಮಾಡು ಅಂದೆ, ಮಾಡ್ದೆ. ನಿನ್ನ ನಂಬಿ ಮಾಡ್ದೆ. ನನ್ನ ಪಕ್ಕದ ಸೀಟಲ್ಲಿ ದಿನಾ ಹೊಸಬರು ಕಾರು ಓಡಿಸ್ತಾರೆ, ನನ್ನ ಕಾಲ ಕೆಳಗೂ ಒಂದು ಬ್ರೇಕಿರುತ್ತೆ. ಆದ್ರೆ ಒತ್ತೋಕೆ ಮುಂಚೆ 'ಒತ್ತುತೀನಿ' ಅಂತ ಹೇಳ್ತೀನಿ. ಹೇಳದೆ ಒತ್ತಿದ್ರೆ ಅದು ಸಹಾಯ ಅಲ್ಲ. ಅವಮಾನ. ಓನರ್ ನಾನು ಬೇಡ ಅಂದ, ಆದ್ರೆ ಮುಖಕ್ಕೇ ಅಂದ. ನೀನು ಅಷ್ಟೂ ಮಾಡ್ಲಿಲ್ಲ."

ಅವನು ಕೇಬಲನ್ನು ಕೆಳಗಿಟ್ಟು ಹೌದೆಂಬಂತೆ ತಲೆಯಾಡಿಸಿದ. ಅದು ಅವಳಿಗೆ ಇನ್ನಷ್ಟು ಕೋಪ ತರಿಸಿತು.

"ತಪ್ಪಾಯ್ತು," ಅಂದ. ಅವಳು ಬಾಗಿಲವರೆಗೆ ಹೋದ ಮೇಲೆ ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ: "ಬೈಯೋಕಾದ್ರೂ 'ನೀನು' ಅಂದ್ರಿ."

ಅವಳು ತಿರುಗಿ ನೋಡಲಿಲ್ಲ. ಕೇಳಿಸಿತು ಮಾತ್ರ.

ಆ ವಾರ ಅವಳ ಬಳಿ ಕಾರು ಕಲಿಯಲು ಬರುತ್ತಿದ್ದ ಒಬ್ಬ ಅಜ್ಜಿ, ಬದುಕಿರುವವರೆಗೆ ಸ್ಟಿಯರಿಂಗ್ ಮುಟ್ಟಲು ಬಿಡದವನ ಹೆಂಡತಿ, ಸಿಗ್ನಲಿನಲ್ಲಿ ನಿಂತು ಕೇಳಿದಳು: "ಏನಮ್ಮ, ನನ್ನ ಕ್ಲಚ್ ನೋಡ್ತಿಲ್ಲ, ಕನ್ನಡೀನೂ ನೋಡ್ತಿಲ್ಲ. ಯಾರ ಜೊತೆ ಜಗಳ?"

"ಯಾರ ಜೊತೆನೂ ಇಲ್ಲ ಅಜ್ಜಿ. ಬೈದು ಮುಗಿಸಿ ಆಯ್ತು."

"ಮುಗಿದಿದ್ರೆ ಹೀಗೆ ಕಿಟಕಿ ಆಚೆ ನೋಡಿ ನಗ್ತಿದ್ಯಾ?"

ನಗುತ್ತಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ಎಸಿ ರಿಮೋಟು ನೆನಪಾಗಿತ್ತು.

"ಗ್ರೀನ್ ಬಂತು ಅಜ್ಜಿ, ಹೊರಡಿ," ಅಂದಳು. ಹಸಿರು ಅನ್ನುವಾಗ ನ್ಯಾಪ್‌ಕಿನ್ ನೆನಪಾಯಿತು. ಆ ದಿನ ಇಡೀ ಪೇಟೆಯ ಸಿಗ್ನಲುಗಳೆಲ್ಲ ಅವಳನ್ನು ಚುಡಾಯಿಸಿದವು.

ಕೋಪ ಹೋಗಿರಲಿಲ್ಲ. ಆದರೆ ಕೋಪಕ್ಕೆ ಈಗ ಒಂದು ಕೆಲಸ ಸಿಕ್ಕಿತ್ತು. ಅವನು ಯೋಚಿಸಿದ್ದು ತಪ್ಪಲ್ಲ. ತೀರ್ಮಾನವನ್ನು ಅವಳ ಕೈಯಿಂದ ಕಸಿದದ್ದು ತಪ್ಪು. ಹಾಗಾದರೆ ಅದನ್ನು ವಾಪಸು ಕಿತ್ತುಕೊಂಡರಾಯಿತು.

ಮುಂದಿನ ಭಾನುವಾರ ಅವಳು ಬೇಗ ಬಂದಳು. ಕಬ್ಬಿಣದ ಮೆಟ್ಟಿಲ ಕೆಳಗೆ ಅವನು ಆಗಲೇ ನಿಂತಿದ್ದ.

"ಮೊದಲೇ ಹೇಳ್ತಿದ್ದೀನಿ," ಅಂದ, ಕೈ ಹಿಂದಕ್ಕೆ ಕಟ್ಟಿಕೊಂಡು. "ಈ ಪೆಟ್ಟಿಗೆಯ ಆ ಕಡೆ ಹಿಡಿ ನಿಮ್ಮದು. ಈ ಕಡೇದು ನಾನು ಹಿಡೀಬೇಕು ಅಂತಿದ್ದೀನಿ. ಹಿಡೀಲಾ?"

ಅವಳು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಹಿಡಿ."

ಎರಡು ಹಿಡಿಯ ಪೆಟ್ಟಿಗೆ ಅದು. ಒಂದು ವರ್ಷದಲ್ಲಿ ಎರಡನೆಯ ಹಿಡಿಗೆ ಬೇರೆಯವರ ಕೈ ಬಿದ್ದದ್ದು ಅಂದೇ. ಹತ್ತುವಾಗ ಇಬ್ಬರೂ ಎದುರುಬದುರು, ನಡುವೆ ಪೆಟ್ಟಿಗೆ. ಅವನು ಹಿಮ್ಮುಖ ಹತ್ತುತ್ತಿದ್ದ, ಹಿಂದೆ ನೋಡಬೇಕಾದವನು ಮುಂದೆಯೇ ನೋಡುತ್ತಿದ್ದ.

"ಕನ್ನಡಿ ನೋಡ್ಕೊಂಡು ರಿವರ್ಸ್ ತಗೋ," ಅಂದಳು ಅವಳು. "ಬಿದ್ರೆ ನಿನ್ನ ಮೇಲೆ ಬೀಳೋದು ಪೆಟ್ಟಿಗೆ, ನಾನಲ್ಲ."

"ಅದೊಂದು ಬೇಜಾರು," ಅಂದ ಅವನು. ಹೇಳಿಬಿಟ್ಟು ಕಿವಿ ಕೆಂಪು ಮಾಡಿಕೊಂಡ.

ಮೇಲೆ ಹೋದ ಮೇಲೆ ಚೀಲದಿಂದ ಒಂದು ಕೇಬಲ್ ತೆಗೆದ. ಹಾವಾಡಿಗನ ಬುಟ್ಟಿಯಿಂದ ಬಂದಂತೆ ಅದು ಬರುತ್ತಲೇ ಇತ್ತು. ಎರಡು ತುದಿಗೂ ತಾನೇ ಬೆಸುಗೆ ಹಾಕಿದ್ದ. ಹೆಬ್ಬೆರಳ ಮೇಲೆ ಸುಟ್ಟ ಗುರುತು.

"ಇದು ನಿಮ್ಮ ಮೂಲೆಯಿಂದ ನನ್ನ ಕಂಬದವರೆಗೆ ಬರುತ್ತೆ. ಉದ್ದ ಆದ್ರೆ ದನಿಯ ಹೊಳಪು ಸ್ವಲ್ಪ ಮಂಕಾಗುತ್ತೆ, ಬೇಸಿಗೆ ಪರವಾಗಿಲ್ಲ. ನೀವು ಹಾಲಿನಲ್ಲಿ ಹೇಗೆ ಕೇಳಿಸ್ತೀರ ಅಂತ ನಿಮಗೇ ಗೊತ್ತಿಲ್ಲ. ಒಂದು ಸಲ ಬಂದು ಕೇಳಿಸ್ಕೊಳ್ಳಿ ಅಂತ... ಕೇಳ್ದೆ ಮಾಡಿದ್ದು ಇದೂನೂ. ಬೇಡ ಅಂದ್ರೆ ಕತ್ತರಿಸಿ ನಾಲ್ಕು ಮಾಡ್ತೀನಿ."

ಅವಳು ಕೇಬಲಿನ ತುದಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಬೆಸುಗೆ ಸಣ್ಣಗೆ, ಶ್ರದ್ಧೆಯಾಗಿ ಕೂತಿತ್ತು.

"ಕತ್ತರಿಸ್ಬೇಡ," ಅಂದಳು. "ಇವತ್ತೇ ಕೆಲಸ ಇದೆ ಇದಕ್ಕೆ."

ಬ್ಯಾಂಡಿನವರನ್ನು ಕೂರಿಸಿ ತಾನು ಏನು ಮಾಡಲಿದ್ದೇನೆಂದು ಹೇಳಿದಳು. ಡ್ರಮ್ಮಿನವನು ಕೋಲುಗಳನ್ನು ಕುಟ್ಟಿ ಕುಣಿದ. ಹಾಡುಗಾರನಿಗೆ ಅವಳು ಒಂದೇ ಮಾತು ಹೇಳಿದಳು: "ಲೇಸ್ ಈಗಲೇ ಕಟ್ಕೋ. ಆಮೇಲೆ ಬಗ್ಗೋಕೆ ಟೈಮಿರಲ್ಲ."

ಹಾಲು ತುಂಬಿತು. ಅಕ್ಕ ಸೋಡಾದೊಂದಿಗೆ ಮುಂದೆ ಕೂತಳು. ನಡುವಿನ ಒಂದು ಕುಣಿತದ ಹಾಡು ಕಾವೇರಿತು. ಟೇಬಲ್ ಕೆಳಗೆ ಕಾಲುಗಳು ಆಡುತ್ತಿದ್ದವು, ಕಿಟಕಿಯ ಬಳಿ ಒಬ್ಬ ಹೆಂಗಸು ಕೂತಲ್ಲೇ ಹೆಗಲು ಕುಣಿಸುತ್ತಿದ್ದಳು. ಹಾಡುಗಾರ ಪಕ್ಕಕ್ಕೆ ಸರಿದ. ಬೇಸ್ ನುಡಿಸುವವಳು, ಕೈ ಬಿಡದೆ, ಮೊದಲ ಸಲ ಮೈಕಿನ ಮುಂದೆ ನಿಂತಳು.

"ನಾನು ಬೇಸು. ಟಾಯ್ಲೆಟ್ಟಿಗೆ ಹೋದವರಿಗೆಲ್ಲ ನನ್ನ ಪರಿಚಯ ಇದೆ." ನಗು ಎದ್ದಿತು. "ಈಗ ನಾನು ಕೈ ತೆಗೀತೀನಿ. ಉಳಿದವರು ನುಡಿಸ್ತಾರೆ. ಏನಾದ್ರೂ ಕಳ್ಕೊಂಡಿರಾ ಅಂತ ನೀವೇ ನೋಡ್ಕೊಳ್ಳಿ. ಹೇಳಿಯೇ ತೆಗೀತಿದ್ದೀನಿ."

ತೆಗೆದಳು.

ಹಾಡು ನಿಲ್ಲಲಿಲ್ಲ. ಗಿಟಾರು, ಡ್ರಮ್ಮು, ಹಾಡುಗಾರ ಎಲ್ಲರೂ ಇದ್ದರು. ಆದರೆ ಯಾರೋ ಹಾಡಿನ ಕೆಳಗಿಂದ ನೆಲ ಎಳೆದುಕೊಂಡಂತೆ ಎಲ್ಲವೂ ತೆಳ್ಳಗೆ ಗಾಳಿಯಲ್ಲಿ ತೂಗಾಡಿತು. ಟೇಬಲ್ ಕೆಳಗಿನ ಕಾಲುಗಳು ಒಂದೊಂದಾಗಿ ನಿಂತವು. ಕಿಟಕಿಯ ಹೆಂಗಸಿನ ಹೆಗಲು ಇಳಿಯಿತು; ಅವಳು ತನ್ನ ಗ್ಲಾಸಿನೊಳಗೆ ಇಣುಕಿ ನೋಡಿದಳು. ಬೇಸ್ ನುಡಿಸುವವಳು ಕೈ ಇಳಿಬಿಟ್ಟು, ಹಿಂದೆ ಕೇಬಲ್ ಎಳೆದುಕೊಂಡು ಟೇಬಲುಗಳ ನಡುವೆ ನಡೆದಳು. ಜನ ಕಾಲು ಸರಿಸಿ, ಕುರ್ಚಿ ಎತ್ತಿ ದಾರಿ ಬಿಟ್ಟರು. ಇಷ್ಟು ದಿನ ಅವಳು ಅವರಿಗೆ ಗೇಟು ಎತ್ತಿದ್ದಳು. ಅಂದು ಹಾಲಿಗೆ ಹಾಲೇ ಅವಳಿಗೆ ಗೇಟು ಎತ್ತಿತು.

ಬಾರಿನ ಬಳಿ ನಿಂತಿದ್ದ ಓನರ್ ಕಾಲರ್ ಎಳೆದುಕೊಂಡ. ಮುಖ ಸಿಂಡರಿಸಿದ. ಕೈ ತಾನಾಗಿ ರಿಮೋಟಿಗೆ ಹೋಯಿತು.

"ಎಸಿ ಅಲ್ಲ ಸಾರ್!" ಅವಳು ಅಲ್ಲಿಂದಲೇ ಕೂಗಿದಳು. "ಅದು ನಾನು!"

ಕಂಬದ ಪಕ್ಕಕ್ಕೆ ಬಂದು ನಿಂತು, ಸೌಂಡಿನವನ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರದಲ್ಲಿ, ತಂತಿಗೆ ಬೆರಳಿಟ್ಟಳು.

ದನಿ ಗೋಡೆಯಿಂದ ಬಂತು. ನೆಲದಿಂದ ಬಂತು. ಅಂಗಾಲಿನಿಂದ ಹತ್ತಿ ಎದೆಗೂಡಿನಲ್ಲಿ ಕೂತಿತು. ಮೊಣಕಾಲ ಬಳಿ ಗೊಣಗುತ್ತಿದ್ದ ದನಿ ಇದೇನಾ? ಇಷ್ಟು ಅಗಲ, ಇಷ್ಟು ದುಂಡಗೆ, ಇಷ್ಟು ನಿರ್ಭಯವಾಗಿ? ಕಾಲುಗಳು ಮತ್ತೆ ಆಡಿದವು. ಕಿಟಕಿಯ ಹೆಂಗಸು ಈ ಸಲ ಎದ್ದೇ ನಿಂತಳು. ಅಕ್ಕ ಸೋಡಾ ಗ್ಲಾಸೆತ್ತಿ ಕೂಗಿದಳು: "ನಾಡಿ ಬಂತು ಕಣೇ!"

ಅವಳ ಕಣ್ಣು ತುಂಬಿತು. "ಒಂದು ವರ್ಷದಿಂದ ನಿಂಗೆ ಹೀಗೇ ಕೇಳ್ತಿತ್ತಾ?"

"ಹೀಗೇ," ಅಂದ ಅವನು. "ಎಲ್ಲರ ಫೇಡರ್ ಮೇಲೆ ಕೆಳಗೆ ಮಾಡ್ತಿದ್ದೆ. ನಿಮ್ಮದರ ಮೇಲೆ ಸುಮ್ನೆ ಬೆರಳಿಟ್ಕೊಂಡಿರ್ತಿದ್ದೆ. ಅದುರುತ್ತಲ್ಲ, ಅದಕ್ಕೆ."

ಓನರ್ ರಿಮೋಟನ್ನು ಬಾರಿನ ಮೇಲಿಟ್ಟು ಅವರ ಬಳಿ ಬಂದ. ಸೋತವನಂತೆ ಕಾಣಿಸಿಕೊಳ್ಳುವುದು ಅವನ ಜಾಯಮಾನವಲ್ಲ. "ಯೋಚನೆ ಮಾಡ್ದೆ ಕಣಮ್ಮ," ಅಂದ ಗಟ್ಟಿಯಾಗಿ. "ಟಾಯ್ಲೆಟ್ ಪಕ್ಕ ಟೇಬಲ್ ಹಾಕಿದ್ರೆ ಯಾರು ಕೂರ್ತಾರೆ? ನೀನೇ ನಿಂತ್ಕೋ."

"ನಿಂತ್ಕೋತೀನಿ ಸಾರ್. ಆದ್ರೆ ಆ ಬಾಗಿಲು ಒಳಗಡೆ ತೆಗೆಯೋ ಥರ ಮಾಡಿಸಿ."

ಓನರ್ ಗೊಣಗುತ್ತ ಹೋದ. ಗೊಣಗಿದ ಎಂದರೆ ಒಪ್ಪಿದ ಎಂದು ಎಲ್ಲರಿಗೂ ಗೊತ್ತಿತ್ತು.

"ಇನ್ನೊಂದು ವಿಷಯ," ಅಂದ ಸೌಂಡಿನವನು, ಕಣ್ಣನ್ನು ಮಿಕ್ಸರಿನ ಮೇಲೆ ನೆಟ್ಟು. "ಮೊದಲೇ ಹೇಳ್ತಿದ್ದೀನಿ. ಈ ಹಾಡು ಮುಗಿದ ಮೇಲೆ ನಿಮ್ಮ ಕೈ ಹಿಡೀಬೇಕು ಅಂತಿದ್ದೀನಿ. ಹಾಡು ಉದ್ದ ಇದೆ, ಗೊತ್ತು. ಕಾಯ್ತೀನಿ."

"'ನಿಮ್ಮ' ಕೈ ಆದ್ರೆ ಹಿಡಿಯೋಕೆ ಕೊಡಲ್ಲ."

"ನಿನ್ನ ಕೈ," ಅಂದ ಅವನು. ಆ ಎರಡು ಪದಕ್ಕೆ ಅವನಿಗೆ ಒಂದು ಉಸಿರು ಪೂರ್ತಿ ಬೇಕಾಯಿತು.

ಅಷ್ಟರಲ್ಲಿ ವೇದಿಕೆಯ ಖಾಲಿ ಮೂಲೆಯಲ್ಲಿ ಒಬ್ಬ ಮಾಮೂಲಿ ಗಿರಾಕಿ ಟಾಯ್ಲೆಟ್ ಬಾಗಿಲಿಗೆ ಬಂದು, ಅಭ್ಯಾಸಬಲದಿಂದ, ಇಲ್ಲದ ಗೇಟು ಏಳಲೆಂದು ಕಾಯುತ್ತ ನಿಂತಿದ್ದ. ಸೌಂಡಿನವನು ಮೆಲ್ಲಗೆ ಹಸಿರು ನ್ಯಾಪ್‌ಕಿನ್ ಎತ್ತಿ ಬೀಸಿದ. ಗಿರಾಕಿ ತಲೆ ಬಗ್ಗಿಸಿ ಒಳಗೆ ನುಗ್ಗಿದ.

ಅವಳು ನಗುತ್ತ ನಗುತ್ತ, ತಾಳ ತಪ್ಪದೆ, ಹಾಲಿನ ಆ ತುದಿಯಲ್ಲಿದ್ದ ಡ್ರಮ್ಮಿನವನಿಗೆ ಕಣ್ಣಲ್ಲೇ ಸನ್ನೆ ಮಾಡಿದಳು: ಇನ್ನೆರಡು ಸುತ್ತು ಬೇಡ, ಇಲ್ಲಿಗೇ ಮುಗಿಸು.