ಮೂರು ಸ್ಕ್ರೂಗಳ ಕೆಂಪು ಗೆರೆ

ಗುರುವಾರ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ದಾನಾವೊ ಪಟ್ಟಣದ ಪೊಲೀಸ್ ಠಾಣೆಯ ದಿನಚರಿಯಲ್ಲಿ ದೂರು ದಾಖಲಾಯಿತು. ದೂರುದಾರಳು ರೊವೆನಾ ತುಗೊನೊನ್, ವಯಸ್ಸು ಮೂವತ್ತನಾಲ್ಕು, ಪ್ರೌಢಶಾಲೆಯ ವ್ಯಾಯಾಮ ಶಿಕ್ಷಕಿ. ಗುಡ್ಡದ ಮೇಲಿನ ಶೂಟಿಂಗ್ ಕ್ಲಬ್ಬಿನ ಆರನೆಯ ಲಾಕರಿನಲ್ಲಿಟ್ಟಿದ್ದ ಅವಳ ಸ್ಪರ್ಧೆಯ ಪಿಸ್ತೂಲು ಕಾಣೆಯಾಗಿತ್ತು. ಬುಧವಾರ ಸಂಜೆ ಐದೂವರೆಗೆ ಇಟ್ಟದ್ದು, ಮರುದಿನ ಬೆಳಿಗ್ಗೆ ಆರೂಕಾಲಿಗೆ ತೆಗೆದು ನೋಡಿದರೆ ಇರಲಿಲ್ಲ.

ಇನ್ಸ್‌ಪೆಕ್ಟರ್ ಡೆಲಿಯಾ ಬಾಟುಕಾನ್ ಎದುರಿನ ಕುರ್ಚಿ ತೋರಿಸಿದಳು. ರೊವೆನಾ ಕೂರಲಿಲ್ಲ.

“ಬೀಗ ಒಡೆದಿತ್ತಾ?”

“ಇಲ್ಲ ಮೇಡಂ. ಹಾಕಿದ ಹಾಗೇ ಇತ್ತು.”

“ಕೀಲಿ?”

“ನನ್ನ ಕೊರಳಲ್ಲೇ ಇದೆ. ಸ್ನಾನಕ್ಕೂ ತೆಗೆಯಲ್ಲ.”

“ಬೇರೆ ಏನು ಹೋಗಿದೆ?”

“ಏನೂ ಇಲ್ಲ. ಗುಂಡಿದೆ, ಒರೆ ಇದೆ, ಪೆಟ್ಟಿಗೆ ಇದೆ. ಬರೀ ಪಿಸ್ತೂಲಿಲ್ಲ.”

“ಯಾರ ಮೇಲಾದ್ರೂ ಅನುಮಾನ?”

“ಭಾನುವಾರ ರಾಷ್ಟ್ರ ತಂಡದ ಆಯ್ಕೆ. ನಾಲ್ಕು ಜಾಗಕ್ಕೆ ಹತ್ತೊಂಬತ್ತು ಜನ. ನನ್ನ ಬಿಟ್ಟು ಹದಿನೆಂಟು ಜನರ ಮೇಲೂ ಅನುಮಾನ.”

“ಬೇರೆ ಪಿಸ್ತೂಲಲ್ಲಿ ಆಡೋಕಾಗಲ್ವಾ?”

“ಬೇರೆಯವರ ಚಪ್ಪಲಿ ಮೆಟ್ಟಿ ಓಟದ ಪಂದ್ಯಕ್ಕೆ ಹೋಗ್ತಾರಾ ಮೇಡಂ?”

ಡೆಲಿಯಾ ಬರೆಯುವುದನ್ನು ನಿಲ್ಲಿಸಿದಳು. “ಪಿಸ್ತೂಲು ಸರಿಯಾಗಿತ್ತಾ?”

ಆಗ ರೊವೆನಾ ಕೂತಳು. ಇಲ್ಲ, ಒಂದು ತಿಂಗಳಿಂದ ಸರಿಯಿರಲಿಲ್ಲ. ಅದಕ್ಕೆ ಕೆಂಪು ಚುಕ್ಕೆಯ ಸೈಟ್ ಇತ್ತು. ಪಿಸ್ತೂಲಿನ ಮೇಲೊಂದು ಸಣ್ಣ ಗಾಜಿನ ಕಿಟಕಿ, ಅದರಲ್ಲಿ ತೇಲುವ ಕೆಂಪು ಚುಕ್ಕೆ. ಚುಕ್ಕೆ ಎಲ್ಲಿ ಕೂರುತ್ತದೋ ಗುಂಡು ಅಲ್ಲಿಗೆ ಹೋಗಬೇಕು. ಅವಳ ಗುಂಡುಗಳು ದಿನದಿನಕ್ಕೆ ಎಡಕ್ಕೆ, ಕೆಳಕ್ಕೆ ಸರಿಯುತ್ತಿದ್ದವು. ನಗರದ ಒಂದು ಕಾರ್ಖಾನೆಯಲ್ಲಿ ಎರಡು ಸಲ ರಿಪೇರಿ ಮಾಡಿಸಿದ್ದಳು, ಪ್ರಯೋಜನವಾಗಿರಲಿಲ್ಲ.

“ಮೊದಲು ಪಿಸ್ತೂಲು ಮಾಡಿಕೊಟ್ಟವರು ಯಾರು?”

“ಏಳು ವರ್ಷದ ಹಿಂದೆ ನಮ್ಮೂರಿನ ಕ್ರಿಸ್ಪುಲೊ ಅಜ್ಜ. ಈಗ ಅವರ ಕಣ್ಣು ಮಂಜಾಗಿದೆ,” ಎಂದವಳು ಕಿಟಕಿಯ ಕಡೆ ನೋಡಿದಳು.

8 ಗಂಟೆ 40 ನಿಮಿಷಕ್ಕೆ ಡೆಲಿಯಾ ಪೇದೆ ಜೆರ್ವಿನ್ ಲಾಪುಟ್‌ನೊಂದಿಗೆ ಕ್ಲಬ್ಬಿನಲ್ಲಿದ್ದಳು. ಆಯುಧಗಳ ಕೋಣೆಗೆ ಒಂದೇ ಬಾಗಿಲು. ಪಂಚನಾಮೆ ಶುರುವಾಯಿತು. ಲಾಕರಿನ ಮೂಲೆಯಲ್ಲಿ ಒಂದು ಕಾಗದದ ಪೊಟ್ಟಣವಿತ್ತು. ರೊವೆನಾ ಅದನ್ನು ಕಸವೆಂದುಕೊಂಡಿದ್ದಳು. ಜೆರ್ವಿನ್ ಬಿಚ್ಚಿದ. ಒಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಮೂರು ಸ್ಕ್ರೂಗಳು ಒಂದರ ಪಕ್ಕ ಒಂದು ಮಲಗಿದ್ದವು. ಜೊತೆಗೆ ಬೂರುಗದ ಹತ್ತಿಯ ಒಂದು ಎಳೆ.

ಜೆರ್ವಿನ್ ತಾನೂ ಶೂಟಿಂಗ್ ಸ್ಪರ್ಧೆಗಳಲ್ಲಿ ಆಡುವವನು, ಸಾಮಾನ್ಯವಾಗಿ ಬಾಯಿ ಮುಚ್ಚದವನು. ಈಗ ಸ್ಕ್ರೂಗಳನ್ನು ನೋಡುತ್ತ ನಿಂತವನು ಮಾತೇ ಆಡಲಿಲ್ಲ. ಡೆಲಿಯಾ ಕಾದಳು. ಹನ್ನೊಂದು ವರ್ಷದ ನೌಕರಿಯಲ್ಲಿ ಅವಳು ಕಲಿತದ್ದು ಇಷ್ಟೇ: ಪ್ರಶ್ನೆ ಕೇಳಿದರೆ ಉತ್ತರ ಬರುತ್ತದೆ, ಕೇಳದಿದ್ದರೆ ಕೆಲವೊಮ್ಮೆ ನಿಜ ಬರುತ್ತದೆ.

“ಸೈಟನ್ನ ಪಿಸ್ತೂಲಿಗೆ ಹಿಡಿದಿಡೋ ಸ್ಕ್ರೂ ಇವು ಮೇಡಂ,” ಎಂದ ಕೊನೆಗೆ. “ಗುಂಡು ಹಾರಿದಾಗ ಆಗೋ ಅದುರಾಟಕ್ಕೆ ಸಡಿಲಾಗಬಾರದು ಅಂತ ನೀಲಿ ಅಂಟು ಹಾಕ್ತಾರೆ. ನೋಡಿ, ಅಂಟು ಹಿಡಿದೇ ಇಲ್ಲ, ಉಜ್ಜಿದ್ರೆ ಉದುರುತ್ತೆ. ಎಣ್ಣೆ ಒರೆಸದೆ ಮೇಲೇ ಬಳಿದಿದ್ದಾರೆ. ಬಿಗಿ ಮಾಡಿದ ಮೇಲೆ ಸ್ಕ್ರೂ ತಲೆಯಿಂದ ಪಕ್ಕದ ಲೋಹದವರೆಗೆ ಬಣ್ಣದ ಗೆರೆ ಎಳೀತಾರೆ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದ್ರೂ ಗೆರೆ ಮುರಿಯುತ್ತೆ. ಇವುಗಳ ತಲೆ ಮೇಲೆ ಉಳಿದಿರೋ ಗೆರೆ ಬಿಳಿ, ನಗರದ ಕಾರ್ಖಾನೆಯವರದ್ದು. ಮೂರರಲ್ಲೂ.”

“ಕಳ್ಳ ಇದನ್ನ ಯಾಕೆ ಬಿಟ್ಟು ಹೋದ?”

ಜೆರ್ವಿನ್ ಹತ್ತಿಯ ಎಳೆಯನ್ನು ಬೆರಳಲ್ಲಿ ಎತ್ತಿಕೊಂಡ.

“ನಿನ್ನ ಪಿಸ್ತೂಲಿಗೆ ಯಾವ ಬಣ್ಣದ ಗೆರೆ ಇದೆ?”

“ಕೆಂಪು.”

“ಎಳೆದವರು ಯಾರು?”

“ಮೇಡಂ, ನಮ್ಮೂರಲ್ಲಿ ಒಂದು ಪದ್ಧತಿ ಇದೆ. ಏನೇ ರಿಪೇರಿ ಮಾಡಲಿ, ಬಿಚ್ಚಿದ ಹಳೇ ಭಾಗನ ಮಾಲೀಕರಿಗೆ ವಾಪಸ್ ಕೊಡಬೇಕು. ಹಳೇದನ್ನ ಇಟ್ಕೊಂಡವನು ಕಳ್ಳ ಅಂತಾರೆ. ನಗರದವರು ಇದನ್ನೆಲ್ಲ ಪಾಲಿಸಲ್ಲ. ಹೊಸಬರೂ ಪಾಲಿಸಲ್ಲ.” ಅವನು ಹತ್ತಿಯ ಎಳೆಯನ್ನು ಮೆಲ್ಲಗೆ ಕಾಗದದ ಮೇಲಿಟ್ಟ. “ಬೂರುಗದ ಹತ್ತೀಲಿ ಎಣ್ಣೆ ಒರೆಸೋರು ಈಗ ಒಬ್ಬರೇ ಉಳಿದಿರೋದು.”

ಬಾಗಿಲ ಕಾವಲುಗಾರ ತೆಬಾನ್‌ನ ಪುಸ್ತಕದಲ್ಲಿ ಬುಧವಾರ ಸಂಜೆಯ ಎಂಟು ಹೆಸರುಗಳಿದ್ದವು.

“ಇವರನ್ನ ಬಿಟ್ಟು ಯಾರು ಬಂದಿದ್ರು?”

“ಯಾರೂ ಇಲ್ಲ ಮೇಡಂ.”

“ಕ್ರಿಸ್ಪುಲೊ?”

“ಅಜ್ಜನಾ? ಬಂದಿದ್ರು. ದಿನಾ ಬಂದು ಬೆಂಚಿನ ಮೇಲೆ ಕೂತು ಹೋಗ್ತಾರೆ. ಅವರ ಹೆಸರನ್ನ ಯಾರು ಬರೀತಾರೆ? ಮೂಲೇಲಿರೋ ಕೊಡೇನ ಬರೀತೀವಾ?”

ಮಧ್ಯಾಹ್ನ 2 ಗಂಟೆ 35 ನಿಮಿಷಕ್ಕೆ ಜೀಪು ಕ್ರಿಸ್ಪುಲೊ ಇಬಾನ್ಯೆಸ್‌ನ ಮನೆಯ ಮುಂದೆ ನಿಂತಿತು. ಸಾಕ್ಷಿಗೆಂದು ಕರೆತಂದ ವಾರ್ಡ್ ಸದಸ್ಯೆ ಪುರಿಂಗ್ ಪಕ್ಕದ ಮನೆಯವಳೇ. “ಈ ಮುದುಕನ್ನ ಹಿಡಿಯೋಕೆ ಜೀಪು ಬೇರೆ! ಒಣಮೀನು ತೋರಿಸಿ ಕರೆದಿದ್ರೆ ತಾನೇ ಬರ್ತಿದ್ದ,” ಎಂದು ಗೊಣಗುತ್ತಲೇ ಇಳಿದಳು.

ಮುದುಕನಿಗೆ ಅರವತ್ತೊಂಬತ್ತು ವರ್ಷ. ತೆಂಗಿನ ಗರಿಯಲ್ಲಿ ಬೇಯಿಸಿದ ಅನ್ನದ ಪೊಟ್ಟಣವನ್ನು ಬಿಚ್ಚುತ್ತಿದ್ದವನು ಬೂಟಿನ ಸದ್ದಿಗೆ ತಲೆಯೆತ್ತಿದ. ಎರಡೂ ಕಣ್ಣುಗಳಲ್ಲಿ ಹಾಲಿನ ಪೊರೆ.

“ಜೆರ್ವಿನ್ ಅಲ್ವೇನೋ? ನಿನ್ನ ಎಡಗಾಲಿನ ಬೂಟು ಇನ್ನೂ ಕಿರುಗುಡುತ್ತೆ.”

“ಹೌದು ಅಜ್ಜ.”

“ಮನೆ ನೋಡಬಹುದಾ ಅಜ್ಜ?” ಡೆಲಿಯಾ ಕೇಳಿದಳು.

“ನೋಡಿ. ಕಿಟಕಿ ಹತ್ತಿರ ಇದೆ. ಮುಟ್ಟಬೇಡಿ.”

ಕಿಟಕಿಯ ಬಳಿಯ ಕೆಲಸದ ಮೇಜಿಗೆ, ವಸ್ತುವನ್ನು ಅಲುಗದಂತೆ ಕಚ್ಚಿ ಹಿಡಿಯುವ ಕಬ್ಬಿಣದ ವೈಸ್ ಬಿಗಿದಿತ್ತು. ಅದರ ಎರಡು ದವಡೆಗಳ ನಡುವೆ, ಹಳೆಯ ಕಂಬಳಿಯ ತುಂಡಿನಲ್ಲಿ ಸುತ್ತಿದ ಪಿಸ್ತೂಲು. ಒಳಗೆ ಗುಂಡಿರಲಿಲ್ಲ. ಸೈಟಿನ ಬುಡದಲ್ಲಿ ಮೂರು ಹೊಸ ಸ್ಕ್ರೂಗಳು, ಪ್ರತಿಯೊಂದರ ತಲೆಯಿಂದ ಪಕ್ಕದ ಲೋಹಕ್ಕೆ ಎಳೆದ ಸಣ್ಣ ಕೆಂಪು ಗೆರೆ. ಡೆಲಿಯಾ ಬಗ್ಗಿ ನೋಡಿದಳು. ಕಣ್ಣಿಲ್ಲದವನು ಎಳೆದ ಗೆರೆಗಳವು. ಕಣ್ಣಿದ್ದ ತಾನು ಪಂಚನಾಮೆಯ ಅಂಚಿಗೆ ಅಷ್ಟು ನೆಟ್ಟಗೆ ಗೆರೆ ಎಳೆದದ್ದಿಲ್ಲ ಎಂದುಕೊಂಡಳು.

“ಬೀಗ ಹೇಗೆ ತೆಗೆದ್ರಿ?”

“ಹದಿನಾಲ್ಕು ವರ್ಷದ ಹಿಂದೆ ಮಾಡಿದ್ದು ನಾನೇ. ನನ್ನ ಕೈಗೆ ಅದರ ಗುರುತಿದೆ.”

“ಪಿಸ್ತೂಲು ಸರಿಯಿಲ್ಲ ಅಂತ ಹೇಗೆ ಗೊತ್ತಾಯ್ತು? ನಿಮಗೆ ಗುರಿಫಲಕ ಕಾಣಿಸಲ್ಲ.”

“ಕೇಳಿಸುತ್ತಲ್ಲ.” ಮುದುಕ ಬೆರಳೆತ್ತಿ ಗಾಳಿಯಲ್ಲಿ ಏನನ್ನೋ ತಿರುಗಿಸಿದ. “ಚುಕ್ಕೆ ಸರಿಸೋ ತಿರುಪು ಟಿಕ್ ಟಿಕ್ ಅನ್ನುತ್ತೆ. ಆ ಹುಡುಗಿ ಒಂದು ದಿನ ಎಂಟು ಸಲ ತಿರುಗಿಸಿದಳು. ಮರುದಿನ ಮತ್ತೆ ಎಂಟು. ಆಮೇಲೆ ಹನ್ನೆರಡು. ಚುಕ್ಕೇನ ದಿನಾ ಬೈದರೆ ಏನು ಬಂತು? ತಪ್ಪು ಚುಕ್ಕೇದಲ್ಲ, ಬುಡದ್ದು. ನಿನ್ನೆ ಲಾಕರ್ ತೆಗೆದು ಬೆರಳಿಟ್ಟೆ. ಸ್ಕ್ರೂ ಜಾರಿತು. ಮೂಸಿದೆ. ಎಣ್ಣೆ. ಮೂರನ್ನೂ ಅಲ್ಲೇ ಬಿಚ್ಚಿ ಅವಳಿಗೆ ಪೊಟ್ಟಣ ಕಟ್ಟಿಟ್ಟು, ಪಿಸ್ತೂಲು ಮನೆಗೆ ತಂದೆ.”

“ಬಾಯಿಬಿಟ್ಟು ಹೇಳಬಹುದಿತ್ತಲ್ಲ?”

ಮುದುಕ ಅನ್ನದ ಪೊಟ್ಟಣವನ್ನು ಮತ್ತೆ ಮಡಿಸಿದ. ಮಡಿಸುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ.

“ಹೋದ ತಿಂಗಳು ಆ ಬೆಂಚಿನ ಮೇಲೇ ಕೂತಿದ್ದೆ. ‘ಅಜ್ಜನ ಕತೆ ಮುಗೀತು, ಅವರ ಕೈಗೆ ಕೊಟ್ಟರೆ ಕುರುಡನ ಕೈಗೆ ಸೂಜಿ ಕೊಟ್ಟ ಹಾಗೆ’ ಅಂತ ಆ ಹುಡುಗಿ ಯಾರಿಗೋ ಅಂದಳು. ಮೆಲ್ಲಗೇ ಅಂದಳು, ಪಾಪ. ಅದಾದ ಮೇಲೆ ನಾನು ಕೇಳಿದ್ರೆ ಕೊಡ್ತಿದ್ಲಾ?” ಪೊಟ್ಟಣವನ್ನು ಪಕ್ಕಕ್ಕಿಟ್ಟ. “ಪಿಸ್ತೂಲಿನ ಹೊಟ್ಟೆಯೊಳಗೆ ನನ್ನ ಹೆಸರು ಕೊರೆದಿದೆ. ಭಾನುವಾರ ಅದು ಸೋತರೆ ಸೋಲೋದು ಅವಳೊಬ್ಬಳೇ ಅಲ್ಲ.”

“ಯಾವಾಗ ವಾಪಸ್ ಇಡೋರಿದ್ರಿ?”

“ನಾಳೆ ಬೆಳಿಗ್ಗೆ. ಇವತ್ತು ಆರು ಗಂಟೆಗೆ ಅಂಟು ಹಾಕಿದ್ದು. ಪೂರ್ತಿ ಒಂದು ದಿನ ಅಲುಗಾಡಬಾರದು. ನನ್ನನ್ನ ಈಗಲೇ ಕರ್ಕೊಂಡು ಹೋಗಿ ತಾಯಿ. ಅದನ್ನ ಮಾತ್ರ ನಾಳೆ ಆರಕ್ಕೆ ತಗೊಳ್ಳಿ.”

ಕಾನೂನಿನಲ್ಲಿ ಅಂಟು ಒಣಗುವುದಕ್ಕೆ ಅವಕಾಶವಿಲ್ಲ. ಕಳವಾದ ಆಯುಧ ಕಣ್ಣೆದುರಿಗಿದ್ದರೆ ಆ ಕ್ಷಣವೇ ಜಪ್ತಿಯಾಗಬೇಕು. ಡೆಲಿಯಾ ವೈಸಿನ ಮುಂದೆ ನಿಂತಳು. ಬಗ್ಗಿ ಅದನ್ನು ಮೇಜಿಗೆ ಬಿಗಿದ ಬೋಲ್ಟುಗಳನ್ನು ನೋಡಿದಳು.

“ಜೆರ್ವಿನ್, ಮೇಜಿನ ಬೋಲ್ಟ್ ಬಿಚ್ಚು.”

“ಮೇಡಂ?”

“ವೈಸ್ ಸಮೇತ ಜಪ್ತಿ ಮಾಡ್ತಿದ್ದೀವಿ. ಹಾಗೇ ಬರಿ.”

3 ಗಂಟೆ 20 ನಿಮಿಷಕ್ಕೆ ಕ್ರಿಸ್ಪುಲೊನ ಬಂಧನವಾಯಿತು. ಇಪ್ಪತ್ತು ಕಿಲೋ ತೂಗುವ ವೈಸನ್ನು ಜೊತೆಗೆ ಬಂದಿದ್ದ ಇನ್ನಿಬ್ಬರು ಪೇದೆಗಳು ಜೀಪಿನ ಹಿಂಬದಿಯಲ್ಲಿ ಅಕ್ಕಿಚೀಲದ ಮೇಲಿಟ್ಟು ಹಿಡಿದು ಕೂತರು. ಜೆರ್ವಿನ್ ಎಷ್ಟು ನಿಧಾನವಾಗಿ ಓಡಿಸಿದನೆಂದರೆ ಸೈಕಲ್ಲುಗಳೂ ಜೀಪನ್ನು ಹಿಂದಿಕ್ಕಿ ಹೋದವು. “ಒಳಗೆ ಬಸುರಿ ಇದ್ದಾಳೇನ್ರೋ?” ಎಂದು ಯಾರೋ ಕೂಗಿದರು. ನಡುವೆ ಕೂತ ಮುದುಕ ಮಾತ್ರ ಪ್ರತಿ ಗುಂಡಿಗೂ ಉಸಿರು ಬಿಗಿಹಿಡಿಯುತ್ತಿದ್ದ.

ಶುಕ್ರವಾರ ಬೆಳಿಗ್ಗೆ 6 ಗಂಟೆ 5 ನಿಮಿಷಕ್ಕೆ ಠಾಣೆಯಲ್ಲಿ ರೊವೆನಾಳ ಎದುರು ವೈಸ್ ಸಡಿಲಿಸಲಾಯಿತು. ಡೆಲಿಯಾ ಮುದುಕನ ಹೇಳಿಕೆಯನ್ನು ಓದಿ ಹೇಳಿದಳು. ‘ಕುರುಡನ ಕೈಗೆ ಸೂಜಿ’ ಎಂಬ ಸಾಲನ್ನು ಬಿಡಲಿಲ್ಲ. ರೊವೆನಾ ಕೊರಳಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದಳು.

“ದೂರು ವಾಪಸ್ ತಗೋಬಹುದಾ ಮೇಡಂ?”

“ಆಯುಧದ ಕಳವು. ಅದು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ಆದರೆ ಪಿಸ್ತೂಲು ಕೊಡಿಸಬಹುದು.”

ಮಧ್ಯಾಹ್ನ ಸರ್ಕಾರಿ ವಕೀಲರ ಒಪ್ಪಿಗೆ ಬಂತು. ಫೋಟೊ ತೆಗೆದು, ಮುಚ್ಚಳಿಕೆ ಬರೆಸಿಕೊಂಡು, ಭಾನುವಾರ ಸಂಜೆ ಏಳರೊಳಗೆ ಮರಳಿಸಬೇಕೆಂಬ ಷರತ್ತಿನ ಮೇಲೆ ಪಿಸ್ತೂಲನ್ನು ಮಾಲೀಕಳಿಗೆ ಒಪ್ಪಿಸಲಾಯಿತು. ಶನಿವಾರ ರೊವೆನಾ ಚುಕ್ಕೆಯನ್ನು ಗುರಿಗೆ ಹೊಂದಿಸಿದಳು. ಆಮೇಲೆ ತಿರುಪನ್ನು ಮುಟ್ಟಲಿಲ್ಲವೆಂದು ಜೆರ್ವಿನ್ ಬಂದು ಹೇಳಿದ. ಅವನನ್ನು ಯಾರೂ ಅಲ್ಲಿಗೆ ಕಳಿಸಿರಲಿಲ್ಲ.

ಭಾನುವಾರ ಸಂಜೆ 6 ಗಂಟೆ 40 ನಿಮಿಷ. ರೊವೆನಾ ಬೆವರಿನ ಅಂಗಿಯಲ್ಲೇ ಬಂದಳು. ಆಯ್ಕೆಯ ಸ್ಪರ್ಧೆಯಲ್ಲಿ ಮುನ್ನೂರ ಇಪ್ಪತ್ತು ಗುಂಡು ಹಾರಿಸಿದ್ದಳು. ಆಯ್ಕೆಯಾದ ನಾಲ್ವರಲ್ಲಿ ಅವಳದು ನಾಲ್ಕನೆಯ ಹೆಸರು. ಅದನ್ನು ಒಂದೇ ಮಾತಿನಲ್ಲಿ ಹೇಳಿ ಪಿಸ್ತೂಲನ್ನು ಮೇಜಿನ ಮೇಲಿಟ್ಟಳು.

ಡೆಲಿಯಾ ಗುಂಡಿಲ್ಲವೆಂದು ಎರಡು ಸಲ ನೋಡಿ, ಅದನ್ನೆತ್ತಿಕೊಂಡು ಲಾಕಪ್ಪಿನ ಕಡೆ ನಡೆದಳು. ಆರೋಪಿ ವಸ್ತುವನ್ನು ಗುರುತಿಸುವುದು ಇನ್ನೂ ಬಾಕಿಯಿತ್ತು. ರೊವೆನಾ ಹಿಂದೆಯೇ ಬಂದು ಗೋಡೆಗೊರಗಿ ನಿಂತಳು.

ಕಂಬಿಗಳ ಆಚೆಯಿಂದ ಮುದುಕ ಕೈ ಚಾಚಿದ. ಡೆಲಿಯಾ ಪಿಸ್ತೂಲನ್ನು ತನ್ನ ಕೈಯಲ್ಲೇ ಹಿಡಿದು ಸೈಟಿನ ಬುಡವನ್ನು ಅವನ ಬೆರಳಿಗೆ ತಾಗಿಸಿದಳು. ಹೆಬ್ಬೆರಳಿನ ಉಗುರು ಮೊದಲ ಸ್ಕ್ರೂವಿನ ತಲೆಯಿಂದ ಲೋಹದವರೆಗೆ ಗೆರೆಯ ಮೇಲೆ ಹರಿಯಿತು. ಎಲ್ಲೂ ತಡೆಯಲಿಲ್ಲ. ಎರಡನೆಯದು. ಮೂರನೆಯದು. ಉಗುರು ಹಿಂದಕ್ಕೆ ಬಂದು ಎರಡನೆಯದರ ಮೇಲೆ ನಿಂತಿತು.

“ಇಲ್ಲಿ ಬಣ್ಣ ಸ್ವಲ್ಪ ದಪ್ಪ ಆಯ್ತು,” ಎಂದ.

ರೊವೆನಾ ಮುಂದೆ ಬಂದಳು. ಕಂಬಿಯ ಮೇಲಿದ್ದ ಅವನ ಇನ್ನೊಂದು ಕೈಯನ್ನೆತ್ತಿ ಹಣೆಗೆ ಒತ್ತಿಕೊಂಡಳು, ಇಲ್ಲಿ ಹಿರಿಯರ ಆಶೀರ್ವಾದ ಬೇಡುವುದು ಹಾಗೆಯೇ.

“ಇವತ್ತು ತಿರುಪನ್ನ ಎಷ್ಟು ಸಲ ತಿರುಗಿಸಿದೆ?” ಮುದುಕ ಕೇಳಿದ.

“ಒಂದೂ ಇಲ್ಲ ಅಜ್ಜ.”

ಡೆಲಿಯಾ ಮೇಜಿಗೆ ಮರಳಿದಳು. ಪ್ರಕರಣದ ಕಡತದಲ್ಲಿ ಗುರುವಾರದಿಂದ ಖಾಲಿಯಿದ್ದ ಅಪರಾಧದ ಉದ್ದೇಶದ ಜಾಗದಲ್ಲಿ ‘ತನ್ನ ಕೆಲಸವನ್ನು ಸರಿಪಡಿಸುವುದು’ ಎಂದು ಬರೆದಳು. ಅದರ ಕೆಳಗೆ: 6 ಗಂಟೆ 52 ನಿಮಿಷ, ಆರೋಪಿ ವಸ್ತುವನ್ನು ಮುಟ್ಟಿ ಗುರುತಿಸಿದ್ದಾನೆ.